ಇನಿಗೋ ಜೋನ್ಸ್: ಪರದೆಯಿಂದ ಕಲ್ಲಿಗೆ

ಆಂಡರ್ಸನ್‌ಪೇಟೆಯಿಂದ ಬೆಂಗಳೂರಿನ ಹೈಕೋರ್ಟಿಗೆ ವ್ಯಾಜ್ಯದ ನಿಮಿತ್ತ ಬಂದವರು ಅಠಾರಾ ಕಚೇರಿಯ ಕಂಬಸಾಲನ್ನು ಕಂಡು, ಇದು ಇಂಗ್ಲಿಷರ ಶೈಲಿಯೆಂದು ಭಾವಿಸುವುದು ಸಹಜ. 1868ರಲ್ಲಿ ಮುಗಿದ ಆ ಕಟ್ಟಡವು ಅವರ ಆಳಿಕೆಯಲ್ಲಿ ಎದ್ದದ್ದು ನಿಜ. ಶೈಲಿ ಮಾತ್ರ ಅವರದಲ್ಲ. ಗ್ರೀಸ್ ರೋಮುಗಳಲ್ಲಿ ಹುಟ್ಟಿ, ಇಟಲಿಯಲ್ಲಿ ಮರುಜನ್ಮ ಪಡೆದ ಈ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ನೆಲೆಗೊಳಿಸಿದವನು ಇನಿಗೋ ಜೋನ್ಸ್. ಅವನ ವಿಚಾರವನ್ನು ಈ ಹೊತ್ತು ಅರಿಕೆಮಾಡುತ್ತೇವೆ.

ಇನಿಗೋ 1573ರಲ್ಲಿ ಲಂಡನ್ನಿನಲ್ಲಿ ಬಟ್ಟೆಯ ಕಸುಬಿನವನೊಬ್ಬನ ಮಗನಾಗಿ ಹುಟ್ಟಿದನು. ಅರಮನೆಯಲ್ಲಿ ಅವನ ಹೆಸರು ಬೆಳೆದದ್ದು ಕಟ್ಟಡದಿಂದಲ್ಲ, ನಾಟಕದಿಂದ. ಮಾಸ್ಕ್ ಎಂಬುದು ಆ ಕಾಲದ ಅರಮನೆಯ ಗೀತನೃತ್ಯರೂಪಕ. 1605ರಲ್ಲಿ ರಾಣಿಯ ಅಪೇಕ್ಷೆಯಂತೆ ಕವಿ ಬೆನ್ ಜಾನ್ಸನನು ಬರೆದ ಅಂತಹದೊಂದು ರೂಪಕಕ್ಕೆ ಇನಿಗೋ ಅಲೆಯಾಡುವ ಕಡಲನ್ನೇ ರಂಗದ ಮೇಲೆ ತಂದನು. ದೂರದ್ದು ಕಿರಿದಾಗಿ ತೋರುವಂತೆ ಬರೆದ ಪರದೆ, ಜರುಗುವ ಸೈಡ್‌ವಿಂಗು, ಮೇಲಿಂದ ಇಳಿಯುವ ಮೋಡ ಇವೆಲ್ಲ ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ ಪರಿಚಿತವೇ. ಅಂದಿನ ಇಂಗ್ಲೆಂಡಿಗೆ ಅವು ಹೊಸವು. ಕಲ್ಲಿನಲ್ಲಿ ಕಟ್ಟುವ ಅವಕಾಶ ಒದಗುವ ಮುನ್ನವೇ ಅವನು ರೋಮಿನ ಕಂಬ ಕಮಾನುಗಳನ್ನು ಬಟ್ಟೆ ಮರಗಳಲ್ಲಿ ತೋರಿಸಿ, ಆಸ್ಥಾನದ ಕಣ್ಣನ್ನು ಪಳಗಿಸಿದನು.

1613ರಲ್ಲಿ ಇಟಲಿಗೆ ಹೋದಾಗ, ಪಲ್ಲಾಡಿಯೋನ ವಾಸ್ತುಗ್ರಂಥವನ್ನು ಕೈಯಲ್ಲಿ ಹಿಡಿದು ಕಟ್ಟಡಗಳೊಡನೆ ತಾಳೆನೋಡಿದನು. ಅಂಚಿನಲ್ಲಿ ಅವನೇ ಟಿಪ್ಪಣಿ ಬರೆದ ಪ್ರತಿ ಇಂದಿಗೂ ಆಕ್ಸ್‌ಫರ್ಡಿನಲ್ಲಿದೆ. 1615ರಲ್ಲಿ ಅರಸನ ಕಟ್ಟಡಗಳ ಮುಖ್ಯಾಧಿಕಾರಿಯಾದ ಅವನು, 1619ರಿಂದ 1622ರೊಳಗೆ ವೈಟ್‌ಹಾಲಿನ ಔತಣಶಾಲೆಯನ್ನು ಎತ್ತಿದನು. ಅದರ ಉದ್ದ 110 ಅಡಿ. ಅಗಲವೂ ಎತ್ತರವೂ 55 ಅಡಿ. ಎರಡು ಸಮಘನಗಳನ್ನು ಜೋಡಿಸಿದಂತಹ ಈ ಶಾಲೆಯಲ್ಲಿ ಮಾಸ್ಕುಗಳೂ ನಡೆದವು. 1630ರ ದಶಕದಲ್ಲಿ ರೂಬೆನ್ಸನ ಚಿತ್ರಗಳನ್ನು ಅದರ ಛಾವಣಿಗೆ ಏರಿಸಿದ ಮೇಲೆ, ದೀಪದ ಹೊಗೆಗೆ ಅಂಜಿ ಆಟಗಳನ್ನು ಬೇರೆಡೆಗೆ ಸಾಗಿಸಿದರು.

ರೂಪಕದ ಜೀವ ಕವಿಯ ಮಾತೋ, ಕಣ್ಣಿನ ನೋಟವೋ? 1631ರಲ್ಲಿ ಈ ಪ್ರಶ್ನೆಯ ಮೇಲೆ ಬೆನ್ ಜಾನ್ಸನನಿಗೂ ಇನಿಗೋವಿಗೂ ಇದ್ದ ಸ್ನೇಹ ಮುರಿಯಿತು. ಆಸ್ಥಾನದಲ್ಲಿ ಗೆದ್ದದ್ದು ನೋಟವೇ. 1640ರ ಕಡೆಯ ಮಾಸ್ಕಿನಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯು, ಬಿರುಗಾಳಿ ಅಡಗಿದ ಮೇಲೆ ಕಾಣಿಸಿಕೊಳ್ಳುವ ರಾಜನಾಗಿ ತಾನೇ ವೇಷ ಧರಿಸಿದನು. ಹೊರಗಿನ ಬಿರುಗಾಳಿ ಅಡಗಲಿಲ್ಲ; 1642ರಲ್ಲಿ ಅಂತರ್ಯುದ್ಧ ಹೊತ್ತಿತು. 1649ರ ಜನವರಿ 30ರಂದು ಆ ದೊರೆ ಅದೇ ಔತಣಶಾಲೆಯ ಮೂಲಕ ನಡೆದು ವಧಾಸ್ಥಾನವನ್ನೇರಿದನು.

ಇನಿಗೋ 1652ರಲ್ಲಿ ತೀರಿಕೊಂಡನು. ಅವನ ಬಟ್ಟೆಯ ಮೋಡಗಳು ಒಂದೂ ಉಳಿದಿಲ್ಲ. ಆ ಮೋಡಗಳಡಿಯಲ್ಲಿ ಅವನು ಕಲಿತ ಪ್ರಮಾಣಜ್ಞಾನವನ್ನು ವೈಟ್‌ಹಾಲಿನ ಶಾಲೆ ಇಂದಿಗೂ ಹೊತ್ತು ನಿಂತಿದೆ.