ತಾತನ ಊರುಗೋಲು, ನಂದಿಯ ದಾರಿ



ನಿಮ್ಮ ಮನೆಯಲ್ಲಿ ತಾತನೋ ಅಜ್ಜಿಯೋ ಇದ್ದಾರೆಯೇ? ಇದ್ದರೆ ಈ ಮಾತು ನಿಮಗಾಗಿಯೇ. ವಯಸ್ಸಾದವರ ಕಾಯಿಲೆ ಎಂದರೆ ದೊಡ್ಡವರ ವಿಷಯ, ನಮಗೇಕೆ ಎಂದು ನೀವು ಅಂದುಕೊಳ್ಳಬಹುದು. ನಾನೂ ನಿಮ್ಮ ವಯಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿ ಇದನ್ನು ನನಗೆ ಕಲಿಸಿದವಳು ಪಿ.ಯು.ಸಿ. ಓದುತ್ತಿದ್ದ ನನ್ನ ಮಗಳು.

ನನ್ನ ತಂದೆ ನಿವೃತ್ತ ಶಾಲಾ ಮೇಷ್ಟ್ರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಏನೋ ಹೇಳಲು ಹೋದರು, ಮಾತು ತೊದಲಿತು. ನಾನು ವಿಜ್ಞಾನ ಪದವೀಧರ. ಆದರೂ ನನ್ನ ಬಾಯಿಂದ ಬಂದ ಮಾತು, "ಪಿತ್ತ ಇರಬೇಕು, ಸ್ವಲ್ಪ ಹೊತ್ತು ಮಲಗಲಿ" ಎಂದು. ಮಗಳು ಕೇಳಲಿಲ್ಲ. "ತಾತ, ಎರಡೂ ಕೈ ಮೇಲೆತ್ತಿ. ಒಂದು ಸಲ ನಗಿ" ಎಂದಳು. ಬಲಗೈ ಕೆಳಗಿಳಿಯಿತು, ಬಾಯಿ ಒಂದು ಪಕ್ಕಕ್ಕೆ ವಾಲಿತು. "ಅಪ್ಪಾ, ಇದು ಲಕ್ವ. ಈಗಲೇ ಆಸ್ಪತ್ರೆಗೆ ಹೋಗಬೇಕು" ಎಂದು 108ಕ್ಕೆ ಫೋನ್ ಮಾಡಿದವಳು ಅವಳೇ.

ಏನಾಗಿತ್ತು ಎಂದು ಸರಳವಾಗಿ ಹೇಳುತ್ತೇನೆ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಥವಾ ನಾಳ ಒಡೆದರೆ, ಆ ಭಾಗದ ಜೀವಕೋಶಗಳು ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ. ಮಿದುಳಿನ ಎಡಭಾಗ ಶರೀರದ ಬಲಭಾಗವನ್ನು ಆಳುತ್ತದೆ. ಬಹುತೇಕ ಜನರಲ್ಲಿ ಮಾತಿನ ಕೇಂದ್ರವೂ ಎಡಭಾಗದಲ್ಲಿಯೇ ಇದೆ. ತಂದೆಯವರಿಗೆ ಕೈ, ಮಾತು ಎರಡೂ ಒಟ್ಟಿಗೆ ಹೋದದ್ದು ಅದಕ್ಕೇ. ಹೆಪ್ಪು ಕರಗಿಸುವ ಔಷಧ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ರಕ್ತಸ್ರಾವವಾಗಿದ್ದರೆ ಅದೇ ಔಷಧ ಅಪಾಯ, ಆದ್ದರಿಂದ ಮೊದಲು ಸ್ಕ್ಯಾನ್ ಮಾಡುತ್ತಾರೆ. ನಾವು ಹೊತ್ತಿಗೆ ಮುಟ್ಟಿದೆವು. ನನ್ನ ಮಾತಿನಂತೆ ಮಲಗಿಸಿದ್ದರೆ ಏನಾಗುತ್ತಿತ್ತೋ! ಆ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಜೀವ ಉಳಿಯಿತು. ಕಷ್ಟ ಆಮೇಲೆ ಶುರುವಾಯಿತು. ಸತ್ತ ಮಿದುಳಿನ ಕೋಶಗಳು ಮತ್ತೆ ಹುಟ್ಟಿಬರುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಹಳೆಯ ಕೆಲಸದಲ್ಲಿ ಸಾಕಷ್ಟನ್ನು ಕಲಿಯಬಲ್ಲವು. ಅದಕ್ಕೆ ಬೇಕಾದದ್ದು ಅಭ್ಯಾಸ. ಒಂದು ಚಲನೆಯನ್ನು ನೂರಾರು ಸಲ ಮಾಡಬೇಕು. ನೂರಾರು ಮಕ್ಕಳ ಕೈ ಹಿಡಿದು ತಿದ್ದಿಸಿದ ಮೇಷ್ಟ್ರು ಈಗ ಮೊಮ್ಮಗಳ ಮುಂದೆ ಸ್ಲೇಟು ಹಿಡಿದು ಕೂರಬೇಕಾಯಿತು. ಒಂದು ದಿನ 'ಅ' ಬರೆಯಲಾಗದೆ ಸ್ಲೇಟನ್ನು ತಳ್ಳಿಬಿಟ್ಟರು. ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಲಕ್ವ ಬಡಿದವರನ್ನು ಖಿನ್ನತೆ ಕಾಡುವುದು ಬಹಳ ಸಾಮಾನ್ಯ. ಅದು ಹಟವಲ್ಲ, ಸೋಮಾರಿತನವೂ ಅಲ್ಲ. ಇದು ನಮಗೆ ತಡವಾಗಿ ತಿಳಿಯಿತು.

ಈ ನಡುವೆ ನನ್ನ ತಾಯಿ ಹರಕೆ ಹೊತ್ತರು. ನಂದಿಯ ಭೋಗನಂದೀಶ್ವರನ ಗುಡಿಗೆ ಇವರನ್ನು ನಡೆಸಿಕೊಂಡು ಬರುತ್ತೇನೆ ಎಂದು. ನಾನು ಒಳಗೊಳಗೇ ಸಿಡುಕಿದೆ. ಮಿದುಳಿನ ನರಕ್ಕೂ ಹರಕೆಗೂ ಏನು ಸಂಬಂಧ? ಆದರೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಈ ಸುದ್ದಿ ಕೇಳಿ ಸಂತೋಷಪಟ್ಟರು. "ಒಳ್ಳೆಯದೇ ಆಯಿತು ಸಾರ್. ಸುಮ್ಮನೆ ನಡೆಯಿರಿ ಅಂದರೆ ಯಾರೂ ನಡೆಯುವುದಿಲ್ಲ. ಎಲ್ಲಿಗೆ ಅಂತ ಗೊತ್ತಿದ್ದರೆ ನಡೆಯುತ್ತಾರೆ" ಎಂದರು. ಅಂದಿನಿಂದ ಲೆಕ್ಕ ಶುರುವಾಯಿತು. ಮೊದಲು ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ತುಳಸಿಕಟ್ಟೆಗೆ, ಅಲ್ಲಿಂದ ಬೀದಿಯ ತಿರುವಿಗೆ. ಮಗಳು ಕ್ಯಾಲೆಂಡರಿನ ಮೇಲೆ ಹೆಜ್ಜೆಗಳನ್ನು ಬರೆದಿಡುತ್ತಿದ್ದಳು.

ನಡಿಗೆ ಸುಧಾರಿಸಿತು. ಆಗ ಇನ್ನೊಂದು ಅಚಾತುರ್ಯ ನಡೆಯಿತು. ದೇವರು ಕಣ್ಣುಬಿಟ್ಟನಲ್ಲ, ಇನ್ನು ಮಾತ್ರೆ ಏಕೆ ಎಂದು ತಾಯಿಯವರು ರಕ್ತದೊತ್ತಡದ ಮಾತ್ರೆ ಕೊಡುವುದನ್ನು ನಿಲ್ಲಿಸಿದ್ದರು. ಮಾತ್ರೆಯ ಪಟ್ಟಿ ಖಾಲಿಯಾಗದಿರುವುದನ್ನು ಕಂಡವಳು ಮತ್ತೆ ಮಗಳೇ. ಒತ್ತಡ ಅಳೆಸಿದಾಗ ಮೇಲಿನ ಅಂಕಿ 180! ಇನ್ನೊಂದು ಆಘಾತಕ್ಕೆ ಬಾಗಿಲು ತೆರೆದಿಟ್ಟಂತೆ ಆಗಿತ್ತು. ನಾನು ರೇಗಿದೆ. ಮಗಳು ರೇಗಲಿಲ್ಲ. ಅಜ್ಜಿಯ ಪಕ್ಕ ಕುಳಿತು ಒಂದು ಕತೆ ಹೇಳಿದಳು. ಅದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ಅದು ನಂದಿಯದೇ ಕತೆ.

1927ರಲ್ಲಿ ಗಾಂಧೀಜಿ ಖಾದಿ ಪ್ರವಾಸದಲ್ಲಿದ್ದಾಗ ರಕ್ತದೊತ್ತಡ ವಿಪರೀತ ಏರಿ ಕುಸಿದರು. ಆಗ ಅವರಿಗೆ 57 ವರ್ಷ. ವೈದ್ಯರು ವಿಶ್ರಾಂತಿ ಹೇಳಿದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ, ಸುಮಾರು ಒಂದೂವರೆ ತಿಂಗಳು, ಅವರು ನಂದಿಬೆಟ್ಟದ ಮೇಲಿದ್ದರು. 1936ರ ಮೇ ತಿಂಗಳಲ್ಲಿ ಆರೋಗ್ಯಕ್ಕಾಗಿ ಮತ್ತೊಮ್ಮೆ ಬಂದರು. ಆಗ ಸರ್ ಸಿ.ವಿ. ರಾಮನ್ ಬೆಟ್ಟಕ್ಕೆ ಹೋಗಿ ಅವರನ್ನು ಕಂಡು ಮಾತಾಡಿದರು. ಬೆಟ್ಟದ ಎತ್ತರ 1,478 ಮೀಟರ್. ಸುತ್ತಲಿನ ಬಯಲಿಗಿಂತ ಅಲ್ಲಿ ಮೂರು ನಾಲ್ಕು ಡಿಗ್ರಿ ತಂಪು. ಆದರೆ ತಂಪು ಒಂದೇ ರಕ್ತದೊತ್ತಡವನ್ನು ಇಳಿಸುವುದಿಲ್ಲ. ಅವರಿಗೆ ನೆರವಾದದ್ದು ಮುಖ್ಯವಾಗಿ ವಿಶ್ರಾಂತಿ ಮತ್ತು ಪಥ್ಯ. "ಅಜ್ಜಿ, ಆ ಕಾಲದಲ್ಲಿ ಬಿ.ಪಿ.ಗೆ ಒಳ್ಳೆಯ ಮಾತ್ರೆಯೇ ಇರಲಿಲ್ಲ. ಗಾಂಧೀಜಿಗೇ ಸಿಗದ ಮಾತ್ರೆ ತಾತನಿಗೆ ಸಿಕ್ಕಿದೆ. ಅದನ್ನೂ ದೇವರೇ ಕೊಟ್ಟ ಅಂದುಕೊಳ್ಳಿ" ಎಂದಳು. ಅಂದಿನಿಂದ ಮಾತ್ರೆಯ ಡಬ್ಬಿ ದೇವರ ಮನೆಯ ಪಕ್ಕದ ಗೂಡಿಗೆ ಬಂತು. ದೀಪ ಹಚ್ಚಿದ ಕೂಡಲೇ ಮಾತ್ರೆ. ಮತ್ತೆ ಒಂದು ದಿನವೂ ತಪ್ಪಿಲ್ಲ.

ಶಿವರಾತ್ರಿಗೆ ನಂದಿಯಲ್ಲಿ ತೇರು, ಜನಜಂಗುಳಿ. ಆದ್ದರಿಂದ ಜಾತ್ರೆ ಕಳೆದ ಮೇಲೆ ಹೋದೆವು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಅವರನ್ನು ಇಳಿಸಿ ನಡೆಸಿದೆವು. ಗುಡಿಯ ಅಂಗಳದಲ್ಲಿ ತಂದೆಯವರು ನನ್ನ ತೋಳನ್ನು ಸರಿಸಿ, ಊರುಗೋಲು ಊರಿ, ಒಬ್ಬರೇ ನಡೆದರು. ಕಲ್ಯಾಣಿಯ ಹತ್ತಿರ ಕುಳಿತು ದಣಿವಾರಿಸಿಕೊಂಡರು. ತಾಯಿಯವರು ಕಣ್ಣೊರೆಸಿಕೊಂಡರು. ಸಿಡುಕಿದ್ದ ನಾನೂ ಒರೆಸಿಕೊಂಡೆ.

ಅಲ್ಲಿಂದ ಮುದ್ದೇನಹಳ್ಳಿಗೆ ಹೋಗೋಣ ಎಂದವರು ತಂದೆಯವರೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಸಮಾಧಿಯೂ ಅಲ್ಲಿಯೇ ಇದೆ. ಅವರ ಮನೆ ಈಗ ವಸ್ತುಸಂಗ್ರಹಾಲಯ. ಪಠ್ಯಪುಸ್ತಕದಲ್ಲಿ ನೀವು ಕನ್ನಂಬಾಡಿ ಕಟ್ಟೆಯವರೆಗೆ ಓದಿರುತ್ತೀರಿ. 1918ರಲ್ಲಿ ದಿವಾನಗಿರಿ ಬಿಟ್ಟ ಮೇಲೆ ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿದರು ಎಂಬುದನ್ನು ಗಮನಿಸಿದ್ದೀರಾ? ಎಂಬತ್ತು ದಾಟಿದ ಮೇಲೆ, 1946ರಲ್ಲಿ, ಕೈಗಾರಿಕೋದ್ಯಮಿಗಳ ನಿಯೋಗದೊಂದಿಗೆ ಅಮೆರಿಕಕ್ಕೆ ಹೋದರು. ನೆನಪುಗಳ ಪುಸ್ತಕ ಹೊರಬಂದದ್ದು 1951ರಲ್ಲಿ. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಟ್ಟರು. ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ.

ಆ ಮನೆಯಲ್ಲಿ ಅವರ ಕನ್ನಡಕ, ಬಟ್ಟಲು, ಭೇಟಿಚೀಟಿ ಮುದ್ರಿಸುತ್ತಿದ್ದ ಅಚ್ಚುಗಳು ಇವೆ. ತಂದೆಯವರು ಅಚ್ಚುಗಳ ಮುಂದೆ ಬಹಳ ಹೊತ್ತು ನಿಂತರು. ಅಚ್ಚಿನಲ್ಲಿ ಅಕ್ಷರ ತಿರುಗುಮುರುಗು ಇರುತ್ತದಲ್ಲ! ಬಾಯಿ ಅಲ್ಲಾಡುತ್ತಿತ್ತು. "ವಿಶ್..." ಎಂದು ನಿಂತಿತು. ನಾನು ಹೇಳಿಕೊಡಲು ಹೋದೆ, ಮಗಳು ನನ್ನ ಕೈ ಹಿಡಿದು ತಡೆದಳು. ಮತ್ತೆ ಪ್ರಯತ್ನಿಸಿದರು. ಮೂರನೆಯ ಸಲ, ನಿಧಾನವಾಗಿ, ಒತ್ತಕ್ಷರ ಒಂದೂ ತಪ್ಪದೆ "ವಿಶ್ವೇಶ್ವರಯ್ಯ" ಎಂದರು. ಕಾಯಿಲೆಯಾದ ಮೇಲೆ ಅವರು ಇಷ್ಟು ಕಷ್ಟದ ಪದವನ್ನು ಪೂರ್ತಿ ಹೇಳಿದ್ದು ಅದೇ ಮೊದಲು.

ಮಿತ್ರರೇ, ತಂದೆಯವರ ಬಲಗೈ ಇನ್ನೂ ಪೂರ್ತಿ ಬಂದಿಲ್ಲ, ಬರುತ್ತದೆಂದು ವೈದ್ಯರೂ ಭರವಸೆ ಕೊಟ್ಟಿಲ್ಲ. ಅವರು ಈಗ ಎಡಗೈಯಲ್ಲಿ ಬರೆಯುತ್ತಾರೆ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಬಾಯಿ ವಾಲುವುದು, ಕೈ ಜಾರುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಯಾರ ಒಪ್ಪಿಗೆಗೂ ಕಾಯದೆ 108ಕ್ಕೆ ಕರೆಮಾಡಿ, ಹೊತ್ತು ಎಷ್ಟೆಂದು ಬರೆದಿಡಿ. ಮನೆಯ ಹಿರಿಯರ ಮಾತ್ರೆಯ ಪಟ್ಟಿಯ ಮೇಲೆ ಒಂದು ಕಣ್ಣಿಡಿ. ಅವರ ನಂಬಿಕೆಯನ್ನು ಹಳಿಯಬೇಡಿ. ಅದರ ಪಕ್ಕದಲ್ಲಿ ಔಷಧಕ್ಕೂ ಒಂದು ಗೂಡು ಮಾಡಿಕೊಡಿ. ಮತ್ತೆ, ಅವರು ಒಂದು ಪದಕ್ಕಾಗಿ ತಡವರಿಸುವಾಗ ನೀವೇ ಹೇಳಿಬಿಡಬೇಡಿ. ಸ್ವಲ್ಪ ಕಾಯಿರಿ.