ಹಂಡೆಯಿಲ್ಲದ ಅಡಿಗೆ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮೃಗವನ್ನು ಕೆಡಹಿದೊಡನೆ ಪ್ರಾಚೀನ ಬೇಟೆಗಾರನ ಸಾಹಸ ಮುಗಿಯಿತೆಂದು ನಾವು ಭಾವಿಸುವುದುಂಟು. ನಿಜವಾದ ದುಡಿಮೆ ಆರಂಭವಾಗುತ್ತಿದ್ದುದೇ ಆಮೇಲೆ. ಇದಕ್ಕೆ ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಒಂದು ಸ್ಥಳವನ್ನು ನಿದರ್ಶನವಾಗಿ ಹೇಳಬಯಸುತ್ತೇನೆ. ಅದರ ಹೆಸರು ಹೆಡ್ ಸ್ಮ್ಯಾಶ್ಡ್ ಇನ್. ಅಲ್ಲಿಯ ಮೂಲನಿವಾಸಿಗಳು ಸುಮಾರು 6,000 ವರ್ಷಗಳಷ್ಟು ಹಿಂದಿನಿಂದಲೂ ಬೈಸನ್‌ಗಳ ಹಿಂಡನ್ನು ಅಟ್ಟಿಕೊಂಡು ಹೋಗಿ ಬಂಡೆಯ ಅಂಚಿನಿಂದ ಕೆಡಹುತ್ತಿದ್ದರು. ಯುನೆಸ್ಕೋ 1981ರಲ್ಲಿ ಇದನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು.

ಬೈಸನ್ ನಮ್ಮ ಕಾಡುಗಳ ಕಾಟಿಯ ಬಂಧು. ಬಲಿತ ಗಂಡು ಸುಮಾರು 900 ಕಿಲೋಗ್ರಾಂ ತೂಗಬಲ್ಲುದು. ಇಂತಹ ಪ್ರಾಣಿಗಳು ಒಮ್ಮೆಗೇ ಹಲವಾರು ಬಿದ್ದಾಗ, ಲೋಹದ ಹಂಡೆಯೇ ಇಲ್ಲದ ಜನ ಏನು ಮಾಡಿದರು?

ನೆಲದಲ್ಲಿ ಗುಂಡಿ ತೋಡಿದರು. ಹಸಿಯ ತೊಗಲನ್ನು ಅದರೊಳಗೆ ಹಾಸಿ ನೀರು ತುಂಬಿದರು. ತೊಗಲಿನ ಪಾತ್ರೆಯನ್ನು ಒಲೆಯ ಮೇಲಿಡಲಾಗದಷ್ಟೆ. ಆದುದರಿಂದ ಬೆಂಕಿಯ ಶಾಖವನ್ನೇ ನೀರಿನೊಳಕ್ಕೆ ಒಯ್ದರು. ಪಕ್ಕದ ಬೆಂಕಿಯಲ್ಲಿ ಕಲ್ಲುಗಳನ್ನು ಕೆಂಪಗೆ ಕಾಸಿ, ಒಂದೊಂದಾಗಿ ನೀರಿಗೆ ಹಾಕಿದರು. ಆರಿದ ಕಲ್ಲನ್ನು ತೆಗೆದು ಕಾದುದನ್ನು ಹಾಕುತ್ತ ಹೋದಂತೆ ನೀರು ಕುದಿಯಿತು.

ಎಲ್ಲ ಕಲ್ಲುಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಸ್ಥಳದಲ್ಲಿಯೇ ದೊರೆಯುವ ಮರಳುಗಲ್ಲು ಕಾದು ನೀರಿಗೆ ಬಿದ್ದರೆ ಪುಡಿಯಾಗಿ, ಸಾರಿನಲ್ಲಿ ಮರಳು ಕೂಡುತ್ತದೆ. ಆದುದರಿಂದ ನದಿಯ ಕಣಿವೆಯಿಂದ ಗಟ್ಟಿಯಾದ ಬೆಣಚುಕಲ್ಲುಗಳನ್ನು ಹೊತ್ತು ತಂದರು. ಕಾದು ಬಿರಿದ ಅಂತಹ ಕಲ್ಲುಗಳ ರಾಶಿಯೇ ಇಂದು ಅಗೆತಗಾರರಿಗೆ ಸಾಕ್ಷಿ.

ಕುದಿಸಿದುದು ಮಾಂಸವನ್ನು ಮಾತ್ರವಲ್ಲ, ಜಜ್ಜಿದ ಎಲುಬುಗಳನ್ನೂ. ಎಲುಬಿನೊಳಗಿನ ಕೊಬ್ಬು ಕರಗಿ ಮೇಲೆ ತೇಲುವುದು. ಅದನ್ನು ಕೆನೆಯಂತೆ ತೆಗೆದಿಡುವರು. ಒಣಗಿಸಿ ಕುಟ್ಟಿದ ಮಾಂಸದೊಡನೆ ಈ ಕೊಬ್ಬನ್ನೂ ಕೆಲವೊಮ್ಮೆ ಕಾಡುಹಣ್ಣುಗಳನ್ನೂ ಬೆರಸಿದರೆ ಬಹುಕಾಲ ಕೆಡದ ಬುತ್ತಿ ಸಿದ್ಧವಾಗುತ್ತಿತ್ತು. ಪೆಮ್ಮಿಕನ್ ಎಂದು ಇದರ ಹೆಸರು. ಕೊಬ್ಬಿಲ್ಲದ ಒಣಮಾಂಸವೊಂದನ್ನೇ ತಿಂದು ಮನುಷ್ಯನು ಬಹುದಿನ ಬಾಳಲಾರನು. ಹಿಮ ಮುಚ್ಚಿದ ತಿಂಗಳುಗಳಲ್ಲಿ ಮುದುಕರೂ ಮಕ್ಕಳೂ ಬದುಕುಳಿಯುವುದು ಈ ಕೊಬ್ಬನ್ನು ನೆಚ್ಚಿಕೊಂಡಿತ್ತು.

ಅಟ್ಟುವವರ ಧೈರ್ಯವನ್ನು ನಾವು ಕೊಂಡಾಡುತ್ತೇವೆ, ಸರಿಯೇ. ಆದರೆ ಗುಂಡಿ ತೋಡಿದವರು, ಕಲ್ಲು ಹೊತ್ತವರು, ಎಲುಬು ಜಜ್ಜಿದವರು ಇಲ್ಲದಿದ್ದರೆ ಆ ಬೇಟೆಯ ಬಹುಭಾಗ ಕೊಳೆತುಹೋಗುತ್ತಿತ್ತು. ಯಾವ ಕಲ್ಲು ಒಡೆಯದು, ಎಷ್ಟು ಕಾಸಬೇಕು ಎಂಬ ಅರಿವು ಬರಹವಿಲ್ಲದೆ, ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ತಲೆಮಾರುಗಳನ್ನು ದಾಟಿ ಬಂದಿತು. ಅವರನ್ನು ಕಾಡುಜನರೆಂದು ಹಗುರವಾಗಿ ಕರೆಯುವ ಮುನ್ನ ಇದಿಷ್ಟನ್ನು ನೆನೆಯೋಣವೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.