ಮಕ್ಕಳಿಗೆ ಇಂಗ್ಲಿಷ್ ಓದು: ದನಿಯಿಂದ ಪದಕ್ಕೆ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದವನು. ಇಂಗ್ಲಿಷ್ ಕಲಿಸುವ ವಿಚಾರ ಮಾತಾಡಲು ಇವನಾರು ಎಂದು ನೀವು ಕೇಳಬಹುದು. ಕಲಿಯದೆ ಪಟ್ಟ ಪಾಡು ಗೊತ್ತಿರುವುದರಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

ಮಾಣಿಯಾಗಿದ್ದಾಗ ಇಂಗ್ಲಿಷ್ ಚೀಟಿಯನ್ನು ನಾನು ಓದುತ್ತಿರಲಿಲ್ಲ. ಮೊದಲ ಅಕ್ಷರ ನೋಡಿ ಊಹಿಸುತ್ತಿದ್ದೆ. ‘ಎಮ್’ ಇದ್ದರೆ ಮಸಾಲೆ ದೋಸೆ. ಒಂದು ದಿನ ಚೀಟಿಯಲ್ಲಿದ್ದದ್ದು ಮೈಸೂರು ದೋಸೆ, ನಾನು ಒಯ್ದಿಟ್ಟದ್ದು ಮಸಾಲೆ ದೋಸೆ. ಗಿರಾಕಿ ಬೈದ, ದೋಸೆಯ ದುಡ್ಡನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಇಂದು ನಮ್ಮ ಎಷ್ಟೋ ಮಕ್ಕಳು ಓದುವುದೂ ಹೀಗೆಯೇ. ಬೆಕ್ಕಿನ ಚಿತ್ರ ನೋಡಿ ‘ಕ್ಯಾಟ್’ ಎನ್ನುತ್ತಾರೆ. ಚಿತ್ರ ಮುಚ್ಚಿದರೆ ಬಾಯಿಯೂ ಮುಚ್ಚುತ್ತದೆ. ಶಾಲೆಗೆ ಫೀಸು, ಮೇಲೆ ಟ್ಯೂಷನ್ನಿಗೆ ದುಡ್ಡು ಕಟ್ಟಿ, ಕೊನೆಗೆ ಮಗು ದಡ್ಡ ಎಂದು ಹೊಡೆಯುತ್ತೇವೆ. ನಾನೂ ಹೊಡೆದವನೇ.

ಕನ್ನಡದಲ್ಲಿ ‘ಕ’ ಅಕ್ಷರದ ಹೆಸರೂ ‘ಕ’, ದನಿಯೂ ‘ಕ’. ಇಂಗ್ಲಿಷಿನಲ್ಲಿ ಸಿ, ಎ, ಟಿ ಎಂದು ಎಷ್ಟು ಸಲ ಕೂಗಿದರೂ ‘ಸಿಯೇಟಿ’ ಆದೀತೇ ಹೊರತು ‘ಕ್ಯಾಟ್’ ಆಗದು. ಅದಕ್ಕಾಗಿ ‘ಸಿಂಥೆಟಿಕ್ ಫೋನಿಕ್ಸ್’ ಎಂಬ ಪದ್ಧತಿಯಿದೆ. ಹೆಸರು ದೊಡ್ಡದು, ಅರ್ಥ ಸರಳ: ದನಿ ಕಲಿತು, ದನಿ ಕೂಡಿಸಿ, ಪದ ಓದುವುದು.

ಮೊದಲು ಆರೇ ಅಕ್ಷರ: ಎಸ್, ಎ, ಟಿ, ಪಿ, ಐ, ಎನ್. ಅವುಗಳ ದನಿ: ಸ್, ಆ್ಯ, ಟ್, ಪ್, ಇ, ನ್. ‘ಸ’ ಎಂದು ಎಳೆಯಬಾರದು. ಅರ್ಧಾಕ್ಷರದಂತೆ ‘ಸ್’ ಎಂದು ನಿಲ್ಲಿಸಬೇಕು. ಪ್, ಇ, ನ್ ಕೂಡಿದರೆ ‘ಪಿನ್’. ಟ್, ಆ್ಯ, ಪ್ ಕೂಡಿದರೆ ‘ಟ್ಯಾಪ್’. ‘ಪ್’ಗೆ ‘ಇ’ ಸೇರಿ ‘ಪಿ’ ಆಗುವುದು ನಮಗೆ ಹೊಸತೇ? ಕಾಗುಣಿತ ಬಲ್ಲ ತಾಯಿಗೆ ಈ ವಿದ್ಯೆ ಅರ್ಧ ಆಗಲೇ ಬಂದಿದೆ.

ಆಮೇಲೆ ಜೋಡಿ ಅಕ್ಷರಗಳು. ಎಸ್ ಮತ್ತು ಎಚ್ ಕೂಡಿದರೆ ‘ಶ್’. ಎರಡು ಇ ಕೂಡಿದರೆ ‘ಈ’. 26 ಅಕ್ಷರಗಳಿಂದ ಸುಮಾರು 44 ದನಿ ಹೊರಡಬೇಕಲ್ಲ! ಓ, ಎನ್, ಇ ಎಂದು ಬರೆದು ‘ವನ್’ ಎನ್ನಿಸುವ ಮೊಂಡು ಪದಗಳೂ ಇವೆ. ಅವನ್ನು ನಾಲ್ಕು ನಾಲ್ಕಾಗಿ ಬೇರೆ ಕಲಿಸಬೇಕು.

ಇದನ್ನು ಇಂಗ್ಲಿಷ್ ಮನೆಮಾತಾದ ನಾಡುಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಸ್ಕಾಟ್ಲೆಂಡಿನ ಕ್ಲಾಕ್‌ಮನನ್‌ಶೈರ್ ಎಂಬಲ್ಲಿ ಸುಮಾರು 300 ಮಕ್ಕಳಿಗೆ ಹೀಗೆ ಕಲಿಸಿ, ಏಳು ವರ್ಷ ಗಮನಿಸಿ, 2005ರಲ್ಲಿ ವರದಿ ಕೊಟ್ಟರು. ಪದ ಓದುವುದರಲ್ಲಿ ಆ ಮಕ್ಕಳು ವಯಸ್ಸಿಗಿಂತ ಮೂರೂವರೆ ವರ್ಷ ಮುಂದಿದ್ದರು. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಪದ ಓದಿಸುತ್ತಾರೆ. ಅದರಲ್ಲಿ ಅರ್ಧ ಅರ್ಥವೇ ಇಲ್ಲದ ಕಟ್ಟುಪದಗಳು, ಮಗು ಊಹಿಸದೆ ಓದಲಿ ಎಂದು.

ಆದರೆ ಇನ್ನೊಂದು ಮಾತು ಮುಚ್ಚಿಡಬಾರದು. ಆ ಸ್ಕಾಟ್ಲೆಂಡಿನ ಮಕ್ಕಳೇ ಓದಿದ್ದರ ಅರ್ಥ ತಿಳಿಯುವುದರಲ್ಲಿ ಬರೀ ಮೂರೂವರೆ ತಿಂಗಳು ಮುಂದಿದ್ದರು. ಪದ ಓದಿದ ಮಾತ್ರಕ್ಕೆ ಅರ್ಥ ಹೊಳೆಯದು. ಅರ್ಥ ಬರುವುದು ಮಾತಿನಿಂದ, ಕತೆಯಿಂದ. ನಮ್ಮ ಮನೆಯಲ್ಲಿ ಅವು ಇರುವುದು ಕನ್ನಡದಲ್ಲಿ, ತುಳುವಿನಲ್ಲಿ. ಇಂಗ್ಲಿಷ್ ಬರಲೆಂದು ಮಗುವಿನೊಡನೆ ಮನೆಮಾತು ಬಿಡಬೇಡಿ. ಅಜ್ಜಿಯ ಕತೆ ಕೇಳಿದ ಮಗುವೇ ಪುಸ್ತಕದ ಕತೆಯನ್ನೂ ಹಿಡಿದೀತು.

ಹಗಲು ತಟ್ಟೆ ತೊಳೆದು ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕಲಿತ ಹಿರಿಯರ ಮಕ್ಕಳು ನಾವು. ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ ಆರು ಅಕ್ಷರ ಬರೆಯಿರಿ. ದಿನಕ್ಕೆ ಕಾಲು ಗಂಟೆ ಮಗುವಿನೊಡನೆ ಕೂಡಿರಿ. ರಾತ್ರಿ ಪಾಳಿಯವರು ಬೆಳಿಗ್ಗೆ ಕೂಡಿರಿ. ಶಾಲೆಗೆ ಹೋದಾಗ ದನಿ ಕಲಿಸುತ್ತೀರಾ ಎಂದು ಕೇಳಿರಿ; ಕೇಳಲು ನಾಚಬೇಡಿ. ಬರುವ ಭಾನುವಾರದಿಂದ ಸಂಘದ ಕೋಣೆಯಲ್ಲೇ ಒಂದು ತರಗತಿ ತೆರೆಯೋಣ ಎಂದು ಸೂಚಿಸುತ್ತೇನೆ. ಮಕ್ಕಳ ಜತೆ ತಂದೆತಾಯಿಯರೂ ಬರಲಿ. ಮೊದಲ ಸಾಲಿನಲ್ಲಿ ನಾನೇ ಕೂರುತ್ತೇನೆ.